ಮುದ್ರಾರಾಕ್ಷಸದಲ್ಲಿ ಸೇಡಿನ ಮುಕ್ತಾಯ: ಸಾಕ್ಷ್ಯ, ಸ್ನೇಹ ಮತ್ತು ಅಧಿಕಾರ

1

ಸೇಡಿನ ಕಥೆಗಳಿಗೆ ನಮ್ಮ ಸಾಹಿತ್ಯಪರಂಪರೆಯಲ್ಲಿ ಕೊರತೆಯಿಲ್ಲ. ಅಪಮಾನ, ಪ್ರತಿಜ್ಞೆ, ಪ್ರತೀಕಾರ ಎಂಬ ಮೂರು ಘಟ್ಟಗಳಲ್ಲಿ ಸಾಗುವ ಈ ಕಥನಮಾದರಿ ಮಹಾಭಾರತದಿಂದ ಮೊದಲ್ಗೊಂಡು ಜನಪದ ಲಾವಣಿಗಳವರೆಗೆ ಹರಡಿಕೊಂಡಿದೆ. ರನ್ನನ ಗದಾಯುದ್ಧದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಕಟ್ಟಿಗೆ ಬರುವುದು ದುರ್ಯೋಧನ ಬಿದ್ದ ಮೇಲೆ. ಭಟ್ಟನಾರಾಯಣನ ವೇಣೀಸಂಹಾರದಲ್ಲಿ ಭೀಮನು ರಕ್ತ ಮೆತ್ತಿದ ಕೈಗಳಿಂದಲೇ ಆ ಮುಡಿಯನ್ನು ಕಟ್ಟುತ್ತಾನೆ. ಶತ್ರುವಿನ ಪತನವೇ ಸೇಡಿನ ಮುಕ್ತಾಯ ಎಂಬುದು ಇಂತಹ ಕೃತಿಗಳ ಒಪ್ಪಿತ ತರ್ಕ.

ವಿಶಾಖದತ್ತನ ಮುದ್ರಾರಾಕ್ಷಸವೂ ಬಿಚ್ಚಿದ ಕೂದಲಿನಿಂದ ಆರಂಭವಾಗಿ ಕಟ್ಟಿದ ಕೂದಲಿನಲ್ಲಿ ಮುಗಿಯುವ ನಾಟಕ. ಮೊದಲನೆಯ ಅಂಕದಲ್ಲಿ ಚಾಣಕ್ಯನು ಬಿಚ್ಚಿದ ಜುಟ್ಟನ್ನು ನೇವರಿಸುತ್ತ ರಂಗಕ್ಕೆ ಬರುತ್ತಾನೆ. ಏಳನೆಯ ಅಂಕದ ಕೊನೆಯಲ್ಲಿ ಅದನ್ನು ಕಟ್ಟಿಕೊಳ್ಳುತ್ತಾನೆ. ಆದರೆ ಹಾಗೆ ಕಟ್ಟಿಕೊಳ್ಳುವ ಹೊತ್ತಿಗೆ ಅವನ ಮುಖ್ಯ ಎದುರಾಳಿಯಾದ ರಾಕ್ಷಸನು ಜೀವಂತವಾಗಿದ್ದಾನೆ. ಅಷ್ಟೇ ಅಲ್ಲ, ಚಂದ್ರಗುಪ್ತನ ಅಮಾತ್ಯಪದವಿಯನ್ನು ಸ್ವೀಕರಿಸಿದ್ದಾನೆ. ಶತ್ರುವನ್ನು ಕೊಲ್ಲದೆ ಅವನ ಸೇಡನ್ನು ಕೊನೆಗಾಣಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಇಡೀ ನಾಟಕದ ವಸ್ತುವಾಗಿಸಿದ್ದು ವಿಶಾಖದತ್ತನ ವಿಶೇಷ.

ಈ ಮುಕ್ತಾಯವನ್ನು ರಾಜನೀತಿಯ ವಿಜಯವೆಂದು ಕೊಂಡಾಡುವ ವಿಮರ್ಶೆ ಸಾಕಷ್ಟು ಬಂದಿದೆ. ಚಾಣಕ್ಯನ ಬುದ್ಧಿಚಾತುರ್ಯ, ಕಥಾಸಂವಿಧಾನದ ಬಿಗಿ, ಶೃಂಗಾರದ ನೆರವಿಲ್ಲದೆ ನಾಟಕವನ್ನು ನಡೆಸುವ ಧೈರ್ಯ ಇವೆಲ್ಲ ಮೆಚ್ಚಿಕೆಗೆ ಪಾತ್ರವಾಗಿವೆ. ಅದು ಸರಿಯಾದ ಮೆಚ್ಚಿಕೆಯೇ. ಆದರೆ ನಾಟಕದಲ್ಲಿ ಸೇಡು ತೀರಿಸಿಕೊಳ್ಳಲು ಹೊರಟವರು ಇಬ್ಬರಲ್ಲ, ಮೂವರು: ಚಾಣಕ್ಯ, ರಾಕ್ಷಸ ಮತ್ತು ಮಲಯಕೇತು. ಮೊದಲ ಇಬ್ಬರ ಸಮಾಧಾನವನ್ನು ನಾಟಕ ರಂಗದ ಮೇಲೆ ತೋರಿಸುತ್ತದೆ. ಮೂರನೆಯವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಆ ಬಾಗಿಲ ಹೊರಗಿನಿಂದ ನಾಟಕವನ್ನು ನೋಡಿದರೆ ಅದರ ಸಂಧಾನದ ಸ್ವರೂಪವೇ ಬೇರೆಯಾಗಿ ಕಾಣುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

2

ವಿಶಾಖದತ್ತನ ಕಾಲದ ಬಗ್ಗೆ ಒಮ್ಮತವಿಲ್ಲ. ಕ್ರಿ.ಶ. 4ನೆಯ ಶತಮಾನದ ಕೊನೆಯಿಂದ 9ನೆಯ ಶತಮಾನದವರೆಗೆ ವಿದ್ವಾಂಸರು ಬೇರೆ ಬೇರೆ ಕಾಲಗಳನ್ನು ಸೂಚಿಸಿದ್ದಾರೆ. ಭರತವಾಕ್ಯದಲ್ಲಿ ಬರುವ ರಾಜನ ಹೆಸರು ಹಸ್ತಪ್ರತಿಯಿಂದ ಹಸ್ತಪ್ರತಿಗೆ ಬದಲಾಗಿ ಚಂದ್ರಗುಪ್ತ, ಅವಂತಿವರ್ಮ, ದಂತಿವರ್ಮ ಎಂದಾಗಿರುವುದು ಈ ಭಿನ್ನಾಭಿಪ್ರಾಯಕ್ಕೆ ಒಂದು ಕಾರಣ. ಯಾವ ಕಾಲವನ್ನು ಒಪ್ಪಿದರೂ ಕವಿಗೂ ಮೌರ್ಯ ಸಾಮ್ರಾಜ್ಯದ ಸ್ಥಾಪನೆಗೂ ನಡುವೆ ಆರೇಳು ಶತಮಾನಗಳಿಗಿಂತ ಕಡಿಮೆ ಅಂತರವಿಲ್ಲ. ಅಮಾತ್ಯ ರಾಕ್ಷಸ, ಮಲಯಕೇತು, ಚಂದನದಾಸ ಇವರಾರಿಗೂ ಶಾಸನಾಧಾರವಿಲ್ಲ. ಆದ್ದರಿಂದ ನಾಟಕದ ಪಾಟಲಿಪುತ್ರ ಇತಿಹಾಸದ ಹೆಸರು ಹೊತ್ತ ಕಲ್ಪನೆಯ ರಾಜ್ಯ. ಅದರ ಕೋಟೆ, ಸುರಂಗ, ಮಹೋತ್ಸವಗಳೆಲ್ಲ ಒಂದು ರಾಜಕೀಯ ಪ್ರಯೋಗಕ್ಕಾಗಿ ಕವಿ ಕಟ್ಟಿದ ಆವರಣ.

ಆ ಆವರಣದ ಒಳಹೊರಗು ಕವಿಗೆ ಚೆನ್ನಾಗಿ ತಿಳಿದಿತ್ತು. ಅವನು ತನ್ನನ್ನು ಸಾಮಂತ ವಟೇಶ್ವರದತ್ತನ ಮೊಮ್ಮಗನೆಂದು ಪ್ರಸ್ತಾವನೆಯಲ್ಲಿ ಪರಿಚಯಿಸಿಕೊಳ್ಳುತ್ತಾನೆ. ಎರಡನೆಯ ಅಂಕದಲ್ಲಿ ಹಾವಾಡಿಗನ ವೇಷದ ವಿರಾಧಗುಪ್ತನು ರಾಕ್ಷಸನಿಗೆ ಒಪ್ಪಿಸುವ ವರದಿ ಆಸ್ಥಾನದ ಬದುಕನ್ನು ಹತ್ತಿರದಿಂದ ಕಂಡವನ ಬರವಣಿಗೆ. ಚಂದ್ರಗುಪ್ತನಿಗೆ ವಿಷ ಬೆರೆಸಿದ ಔಷಧ ತಂದ ವೈದ್ಯ ಅಭಯದತ್ತನು ಚಿನ್ನದ ಪಾತ್ರೆಯ ಬಣ್ಣ ಬದಲಾದದ್ದರಿಂದ ಸಿಕ್ಕಿಬೀಳುತ್ತಾನೆ. ತಾನು ತಂದ ಔಷಧವನ್ನು ತಾನೇ ಕುಡಿದು ಸಾಯುತ್ತಾನೆ. ಶಯನಗೃಹದ ಕೆಳಗೆ ಅಡಗಿದ್ದ ಬೀಭತ್ಸಕಾದಿಗಳನ್ನು ಹಿಡಿದುಕೊಟ್ಟದ್ದು ಗೋಡೆಯ ಬಿರುಕಿನಿಂದ ಅನ್ನದ ಅಗುಳನ್ನು ಹೊತ್ತು ಹೊರಬಂದ ಇರುವೆಗಳ ಸಾಲು. ರಾಜ್ಯದ ಭವಿಷ್ಯವನ್ನು ಇರುವೆಯ ಸಾಲು ನಿರ್ಧರಿಸುವ ಈ ಲೋಕದಲ್ಲಿ ಕಣ್ಣಿಟ್ಟು ನೋಡುವವನೇ ಬಲಶಾಲಿ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

3

ಮೂವರ ಸೇಡಿನ ಮೂಲಗಳು ಬೇರೆ ಬೇರೆ. ನಂದರ ಸಭೆಯಲ್ಲಿ ಅಗ್ರಾಸನದಿಂದ ಎಳೆಯಲ್ಪಟ್ಟ ಅಪಮಾನ ಚಾಣಕ್ಯನದು. ನಾಟಕ ಆರಂಭವಾಗುವ ವೇಳೆಗೆ ಆ ಸೇಡು ತೀರಿದೆ, ನಂದವಂಶ ನಿರ್ಮೂಲವಾಗಿದೆ, ತಪೋವನ ಸೇರಿದ್ದ ಸರ್ವಾರ್ಥಸಿದ್ಧಿಯೂ ಉಳಿದಿಲ್ಲ. ತೀರಿದ ಸೇಡಿನ ನಂತರ ಉಳಿಯುವುದೇನು ಎಂಬಲ್ಲಿಂದ ವಿಶಾಖದತ್ತನು ಕಥೆಯನ್ನು ಹಿಡಿಯುತ್ತಾನೆ. ಚಂದ್ರಗುಪ್ತನ ಸಿಂಹಾಸನ ಸ್ಥಿರವಾಗಬೇಕಾದರೆ ನಂದರ ಅಮಾತ್ಯನಾದ ರಾಕ್ಷಸನು ಅದರ ಪಕ್ಕದಲ್ಲಿ ನಿಲ್ಲಬೇಕು. ಆದ್ದರಿಂದ ಚಾಣಕ್ಯನ ದೃಷ್ಟಿಯಲ್ಲಿ ರಾಕ್ಷಸನು ಗೆದ್ದುಕೊಳ್ಳಬೇಕಾದ ಸಂಪತ್ತು.

ರಾಕ್ಷಸನ ಸೇಡು ಸ್ವಾಮಿಭಕ್ತಿಯಿಂದ ಹುಟ್ಟಿದ್ದು. ಸಿಂಹಾಸನದಲ್ಲಿ ಕೂರಿಸಲು ನಂದವಂಶದ ಒಬ್ಬನೂ ಉಳಿದಿಲ್ಲದಿದ್ದರೂ ಅವನು ಹೋರಾಡುತ್ತಾನೆ. ಫಲದ ಆಸೆಯಿಲ್ಲದ ಈ ನಿಷ್ಠೆಯನ್ನು ಮೊದಲ ಅಂಕದಲ್ಲಿ ಚಾಣಕ್ಯನೇ ಬಾಯ್ತುಂಬ ಹೊಗಳುತ್ತಾನೆ. ಸ್ವಾಮಿ ಐಶ್ವರ್ಯದಲ್ಲಿರುವಾಗ ಸೇವೆ ಮಾಡುವವರು ಹಲವರು, ಅವನು ಅಳಿದ ಮೇಲೂ ಅವನ ಭಾರವನ್ನು ಹೊರುವವರು ವಿರಳ ಎಂಬುದು ಅವನ ಅಭಿಪ್ರಾಯ.

ಮಲಯಕೇತುವಿನ ಸೇಡು ಅತ್ಯಂತ ಸರಳವಾದುದು ಮತ್ತು, ಲೋಕನ್ಯಾಯದ ಪ್ರಕಾರ, ಅತ್ಯಂತ ಸಮರ್ಥನೀಯವಾದುದು. ಅವನ ತಂದೆ ಪರ್ವತಕ ಚಂದ್ರಗುಪ್ತನ ಮಿತ್ರರಾಜ. ರಾಜ್ಯಾರ್ಧದ ಭರವಸೆ ಪಡೆದವನು. ಅವನು ವಿಷಕನ್ಯೆಯಿಂದ ಹತನಾಗುತ್ತಾನೆ. ತಂದೆ ಸತ್ತು ಹತ್ತು ತಿಂಗಳಾದರೂ ಒಂದು ಬೊಗಸೆ ತರ್ಪಣವನ್ನೂ ಬಿಡಲಾಗದ ನೋವಿನಿಂದ ಮಲಯಕೇತು ನಾಲ್ಕನೆಯ ಅಂಕದಲ್ಲಿ ಮಾತನಾಡುತ್ತಾನೆ. ಅವನಿಗೆ ಬೇಕಾದದ್ದು ಎರಡು: ತಂದೆಯನ್ನು ಕೊಂದವರು ಯಾರೆಂಬ ನಿಶ್ಚಯ, ಮತ್ತು ಅದಕ್ಕೆ ಪ್ರತೀಕಾರ.

ಇಲ್ಲಿಯೇ ನಾಟಕದ ನೈತಿಕ ಗಂಟು ಇದೆ. ವಿಷಕನ್ಯೆಯನ್ನು ಕಳಿಸಿದವನು ರಾಕ್ಷಸ. ಅವನ ಗುರಿ ಚಂದ್ರಗುಪ್ತ. ಅವಳನ್ನು ಪರ್ವತಕನತ್ತ ತಿರುಗಿಸಿದವನು ಚಾಣಕ್ಯ. ಒಬ್ಬನ ಆಯುಧ, ಇನ್ನೊಬ್ಬನ ಉದ್ದೇಶ. ಹೀಗೆ ಮಲಯಕೇತುವಿನ ತಂದೆಯ ಸಾವಿನಲ್ಲಿ ನಾಟಕದ ಇಬ್ಬರು ಮಹಾಮಂತ್ರಿಗಳೂ ಪಾಲುದಾರರು. ಅವರಿಬ್ಬರು ಕೊನೆಯಲ್ಲಿ ಒಂದಾಗುವಾಗ ಆ ಸಾವಿನ ವಿಚಾರಣೆ ನಡೆಸಲು ಯಾರೂ ಉಳಿಯುವುದಿಲ್ಲ.

4

ಐದನೆಯ ಅಂಕ ನಾಟಕದ ಶಿಖರ. ಚಾಣಕ್ಯನ ತಂತ್ರವನ್ನು ಸಾಮಾನ್ಯವಾಗಿ ‘ಸುಳ್ಳಿನ ಜಾಲ’ ಎನ್ನಲಾಗುತ್ತದೆ. ಜಾಲದ ಎಳೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಈ ವರ್ಣನೆ ಸಾಲದೆಂದು ತಿಳಿಯುತ್ತದೆ.

ರಾಕ್ಷಸನ ವಿರುದ್ಧ ಮಲಯಕೇತುವಿನ ಮುಂದೆ ಬರುವ ಸಾಕ್ಷ್ಯಗಳು ಇವು. ಸಿದ್ಧಾರ್ಥಕನ ಬಳಿ ಸಿಕ್ಕಿದ ಪತ್ರಕ್ಕೆ ಒತ್ತಿದ್ದು ರಾಕ್ಷಸನದೇ ಮುದ್ರೆ. ಅಕ್ಷರ ರಾಕ್ಷಸನ ಆಪ್ತನಾದ ಕಾಯಸ್ಥ ಶಕಟದಾಸನದೇ. ಪತ್ರದೊಡನೆ ಇದ್ದ ಆಭರಣಗಳು ಮಲಯಕೇತು ತಾನೇ ರಾಕ್ಷಸನಿಗೆ ಕಳಿಸಿಕೊಟ್ಟವು, ರಾಕ್ಷಸನು ಸಿದ್ಧಾರ್ಥಕನಿಗೆ ಬಹುಮಾನವಾಗಿ ಕೊಟ್ಟವು. ವಿಚಾರಣೆಗೆ ಬಂದ ರಾಕ್ಷಸನ ಮೈಮೇಲಿರುವುದು ಪರ್ವತಕನ ಆಭರಣಗಳೇ. ಅವನ್ನು ಅವನು ಮಾರಾಟಗಾರರಿಂದ ಕೊಂಡದ್ದೂ ನಿಜ. ವಿಷಕನ್ಯೆಯನ್ನು ಕಳಿಸಿದವನು ರಾಕ್ಷಸ ಎಂಬ ಕ್ಷಪಣಕ ಜೀವಸಿದ್ಧಿಯ ಮಾತೂ ಅರ್ಧ ಸತ್ಯ. ಮುದ್ರೆ, ಅಕ್ಷರ, ಒಡವೆ, ವ್ಯಕ್ತಿ ಯಾವುದೂ ಕೃತಕವಲ್ಲ. ಅವುಗಳನ್ನು ಜೋಡಿಸಿ ತೆಗೆದ ನಿರ್ಣಯ ಮಾತ್ರ ಸುಳ್ಳು. ಸುಳ್ಳು ಸಾಕ್ಷ್ಯವನ್ನು ಅಲ್ಲಗಳೆಯಬಹುದು. ನಿಜವಾದ ಸಾಕ್ಷ್ಯದಿಂದ ಕಟ್ಟಿದ ಸುಳ್ಳನ್ನು ಅಲ್ಲಗಳೆಯುವುದು ನಿರಪರಾಧಿಗೂ ಅಸಾಧ್ಯ. ರಾಕ್ಷಸನು ತಡವರಿಸುವುದು ಇದರಿಂದಲೇ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಶಕಟದಾಸನ ಅಕ್ಷರವನ್ನು ನೋಡಿದ ರಾಕ್ಷಸನು, ಹೆಂಡತಿಮಕ್ಕಳ ಮೋಹಕ್ಕೆ ಸಿಕ್ಕಿ ಅವನು ತನಗೆ ದ್ರೋಹ ಬಗೆದಿರಬಹುದೆಂದು ನಂಬಿಬಿಡುತ್ತಾನೆ. ಪ್ರಾಣವನ್ನೇ ಒತ್ತೆಯಿಟ್ಟ ಗೆಳೆಯನನ್ನು ಸಾಕ್ಷ್ಯದ ಬಲದಿಂದ ಅವನು ಸಂಶಯಿಸುತ್ತಾನೆ. ರಾಕ್ಷಸನನ್ನು ಸಂಶಯಿಸಿದ ಮಲಯಕೇತು ಅವಿವೇಕಿಯೆಂದು ವಿಮರ್ಶಕರು ತೀರ್ಪು ಕೊಟ್ಟಿದ್ದಾರೆ. ಅದೇ ಅಂಕದಲ್ಲಿ ಅದೇ ಪತ್ರವನ್ನು ನೋಡಿ ರಾಕ್ಷಸನೂ ಅದೇ ತಪ್ಪನ್ನು ಮಾಡುತ್ತಾನೆ. ತಪ್ಪು ಮಲಯಕೇತುವಿನ ಬುದ್ಧಿಯದಷ್ಟೇ ಆಗಿದ್ದರೆ ಇದು ಸಾಧ್ಯವಿರಲಿಲ್ಲ. ವ್ಯತ್ಯಾಸ ಪರಿಣಾಮದಲ್ಲಿದೆ. ಮಲಯಕೇತುವಿನ ಸಂಶಯಕ್ಕೆ ಐವರು ಮಿತ್ರರಾಜರು ಬಲಿಯಾಗುತ್ತಾರೆ: ಭೂಮಿ ಬಯಸಿದರೆನ್ನಲಾದ ಮೂವರನ್ನು ಹಳ್ಳದಲ್ಲಿ ಹೂಳಿಸಲಾಗುತ್ತದೆ, ಆನೆಗಳನ್ನು ಬಯಸಿದರೆನ್ನಲಾದ ಇಬ್ಬರನ್ನು ಆನೆಗಳಿಂದಲೇ ಕೊಲ್ಲಿಸಲಾಗುತ್ತದೆ. ಕೋಪದ ಆ ಗಳಿಗೆಯಲ್ಲಿಯೂ ಅವನು ರಾಕ್ಷಸನನ್ನು ಕೊಲ್ಲುವುದಿಲ್ಲ, ವಿಶ್ವಾಸಘಾತ ತನ್ನ ಸ್ವಭಾವವಲ್ಲವೆಂದು ಹೇಳಿ ಹೋಗಗೊಡುತ್ತಾನೆ ಎಂಬುದನ್ನೂ ಗಮನಿಸಬೇಕು.

ಈ ಜಾಲದಲ್ಲಿ ಸತ್ಯವೂ ಒಂದು ಸಲಕರಣೆ. ಪರ್ವತಕನನ್ನು ಕೊಲ್ಲಿಸಿದವನು ಚಾಣಕ್ಯ ಎಂಬ ನಿಜವನ್ನು ಮಲಯಕೇತುವಿಗೆ ಮೊದಲು ಹೇಳಿ, ಹೆದರಿಸಿ, ಪಾಟಲಿಪುತ್ರದಿಂದ ಓಡುವಂತೆ ಮಾಡಿದವನು ಭಾಗುರಾಯಣ. ಅವನು ಚಾಣಕ್ಯನ ಕಡೆಯವನೇ. ಅವನನ್ನು ಓಡಿಸಬೇಕಾದಾಗ ನಿಜ, ರಾಕ್ಷಸನಿಂದ ಬೇರ್ಪಡಿಸಬೇಕಾದಾಗ ಸುಳ್ಳು. ಎರಡೂ ಒಂದೇ ಮೂಲದಿಂದ ಹೊರಟವು. ತನ್ನನ್ನು ಇಷ್ಟು ಪ್ರೀತಿಸುವ ಈ ಕುಮಾರನನ್ನು ವಂಚಿಸಬೇಕಾಗಿದೆಯಲ್ಲ ಎಂದು ಐದನೆಯ ಅಂಕದಲ್ಲಿ ಭಾಗುರಾಯಣನು ಒಂದು ಕ್ಷಣ ಕೊರಗುತ್ತಾನೆ. ಹಣಕ್ಕೆ ಮೈಯನ್ನು ಮಾರಿಕೊಂಡವನಿಗೆ ಯೋಚಿಸುವ ಸ್ವಾತಂತ್ರ್ಯವೆಲ್ಲಿ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಾನೆ. ಗೂಢಚಾರರಿಂದ ತುಂಬಿದ ಈ ನಾಟಕದಲ್ಲಿ ಮನಸ್ಸಾಕ್ಷಿ ಇಷ್ಟು ಸ್ಪಷ್ಟವಾಗಿ ಮಾತನಾಡುವ ಜಾಗ ಇದು. ಅದು ಮಾತನಾಡುವುದು ಮಲಯಕೇತುವಿನ ಪರವಾಗಿ.

5

ಮಲಯಕೇತುವಿನ ದುರ್ಬಲತೆ ಸಾಕ್ಷ್ಯವನ್ನು ನಂಬುವುದರಲ್ಲಿದ್ದರೆ, ರಾಕ್ಷಸನನ್ನು ಹಿಡಿಯುವುದು ಅವನ ಒಳ್ಳೆಯತನ. ಇಡೀ ಸಂಚಿನ ಬೀಜವಾದ ಮುದ್ರೆಯುಂಗುರ ಚಾಣಕ್ಯನಿಗೆ ದೊರೆತ ಸಂದರ್ಭವನ್ನೇ ನೋಡಬಹುದು. ರಾಕ್ಷಸನ ಹೆಂಡತಿಮಗು ಮಣಿಕಾರ ಶ್ರೇಷ್ಠಿ ಚಂದನದಾಸನ ಮನೆಯಲ್ಲಿ ಅಡಗಿದ್ದಾರೆ. ಯಮಪಟವನ್ನು ತೋರಿಸುತ್ತ ಬಂದ ಗೂಢಚಾರ ನಿಪುಣಕನನ್ನು ನೋಡಲು ಐದು ವರ್ಷದ ಮಗು ಹೊರಗೋಡುತ್ತದೆ. ತಾಯಿ ಬಾಗಿಲ ಸಂದಿಯಿಂದ ಕೈಚಾಚಿ ಮಗುವನ್ನು ಒಳಗೆಳೆದುಕೊಳ್ಳುತ್ತಾಳೆ. ಗಂಡಸಿನ ಬೆರಳಿನ ಅಳತೆಗೆ ಮಾಡಿದ ಉಂಗುರ ಅವಳ ಬೆರಳಿನಿಂದ ಜಾರಿ ಹೊರಗೆ ಉರುಳುತ್ತದೆ. ಅಗಲಿಕೆಯ ಗಳಿಗೆಯಲ್ಲಿ ಗಂಡ ಕೊಟ್ಟ ಪ್ರೀತಿಯ ಗುರುತು ಅದು. ತಾಯಿಯ ಕೈ ಮಗುವಿಗಾಗಿ ಚಾಚಿದ ಆ ಕ್ಷಣದಿಂದ ಐವರು ರಾಜರ ಸಾವಿನವರೆಗೆ ಒಂದೇ ನೇರ ದಾರಿಯಿದೆ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ನಂತರ ಈ ನಾಟಕವನ್ನು ಆ ಶಾಸ್ತ್ರದ ಬೆಳಕಿನಲ್ಲಿ ಓದುವುದು ಸಾಧ್ಯವಾಯಿತು. ಅಮಾತ್ಯರ ಶುದ್ಧಿಯನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸಬೇಕೆಂದು ಅರ್ಥಶಾಸ್ತ್ರ ಹೇಳುತ್ತದೆ. ಎರಡು ಕಡೆಯಿಂದಲೂ ಸಂಬಳ ಪಡೆಯುವ ‘ಉಭಯವೇತನ’ರ ಪ್ರಸ್ತಾಪವೂ ಅಲ್ಲಿದೆ. ಚಂದನದಾಸನು ಅರ್ಥಕ್ಕೂ ಭಯಕ್ಕೂ ಬಗ್ಗದೆ ಸೆರೆಮನೆ ಸೇರುತ್ತಾನೆ. ಅವನ ನಿರಾಕರಣೆಯಿಂದ ಚಾಣಕ್ಯನು ಒಳಗೊಳಗೇ ಸಂತೋಷಪಡುವುದು ಗಮನಾರ್ಹ. ಗೆಳೆಯನಿಗಾಗಿ ಚಂದನದಾಸ ಪ್ರಾಣ ಕೊಡುವುದಾದರೆ, ಚಂದನದಾಸನಿಗಾಗಿ ರಾಕ್ಷಸನೂ ಪ್ರಾಣ ಕೊಡಲು ಬಂದೇ ಬರುತ್ತಾನೆ ಎಂಬ ಲೆಕ್ಕ ಅವನದು.

ಲೆಕ್ಕ ತಪ್ಪುವುದಿಲ್ಲ. ಆರನೆಯ ಅಂಕದಲ್ಲಿ ಪಾಳುಬಿದ್ದ ಉದ್ಯಾನಕ್ಕೆ ಬಂದ ರಾಕ್ಷಸನ ಎದುರಿಗೆ ಹಗ್ಗ ಹಿಡಿದು ಸಾಯಲು ಹೊರಟವನೊಬ್ಬನನ್ನು ಚಾಣಕ್ಯ ನಿಲ್ಲಿಸುತ್ತಾನೆ. ಚಂದನದಾಸನ ವಧೆಯ ಸುದ್ದಿ ಅವನಿಂದ ತಿಳಿಯುತ್ತದೆ. ಆಯುಧ ಹಿಡಿದವರನ್ನು ಕಂಡರೆ ವಧಕರು ವಧೆಯನ್ನು ಬೇಗ ಮುಗಿಸುತ್ತಾರೆಂದು ಕೇಳಿದ ರಾಕ್ಷಸನು ಖಡ್ಗವನ್ನು ಅಲ್ಲಿಯೇ ಬಿಡುತ್ತಾನೆ. ಬರಿಗೈಯಲ್ಲಿ ವಧಸ್ಥಾನಕ್ಕೆ ಹೋಗಿ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಏಳನೆಯ ಅಂಕದಲ್ಲಿ ಚಾಣಕ್ಯನು ಅವನ ಮುಂದಿಡುವ ಷರತ್ತು ಒಂದೇ: ಅಮಾತ್ಯಪದವಿಯ ಶಸ್ತ್ರವನ್ನು ಹಿಡಿಯದೆ ಚಂದನದಾಸನ ಪ್ರಾಣ ಉಳಿಯುವುದಿಲ್ಲ. ತಾನಾಗಿ ಬಿಟ್ಟ ಖಡ್ಗದ ಜಾಗಕ್ಕೆ ರಾಜ್ಯ ಕೊಟ್ಟ ಶಸ್ತ್ರ ಬರುತ್ತದೆ. ಸೇಡಿನ ಪ್ರತಿಜ್ಞೆಯನ್ನು ಮುರಿಯುವಂತೆ ಮಾಡಿದ್ದು ಸೋಲಲ್ಲ, ಭಯವಲ್ಲ, ಸ್ನೇಹ. ಚಾಣಕ್ಯನು ಶತ್ರುವಿನ ದೌರ್ಬಲ್ಯದ ಮೇಲೆ ಬಲೆ ಬೀಸದೆ ಅವನ ಗುಣದ ಮೇಲೆ ಬೀಸಿದ. ಈ ರಾಜಕಾರಣದ ಎತ್ತರವೂ ಅದೇ, ಕ್ರೌರ್ಯವೂ ಅದೇ.

6

ರಾಕ್ಷಸನನ್ನು ಎದುರುಗೊಂಡ ಚಾಣಕ್ಯನು ತನ್ನ ತಂತ್ರಗಳನ್ನೆಲ್ಲ ಬಿಚ್ಚಿಡುತ್ತಾನೆ. ಭದ್ರಭಟ ಮೊದಲಾದವರ ಪಲಾಯನ, ಪತ್ರ, ಸಿದ್ಧಾರ್ಥಕ, ಆಭರಣಗಳು, ಮಿತ್ರನಂತೆ ನಟಿಸಿದ ಕ್ಷಪಣಕ, ಪಾಳು ಉದ್ಯಾನದ ಆರ್ತಪುರುಷ, ಶ್ರೇಷ್ಠಿ ಪಟ್ಟ ಕಷ್ಟ ಎಲ್ಲವೂ ರಾಕ್ಷಸನನ್ನು ಚಂದ್ರಗುಪ್ತನೊಡನೆ ಕೂಡಿಸುವುದಕ್ಕಾಗಿ ಹೂಡಿದ ನೀತಿಯೆಂದು ಒಪ್ಪಿಕೊಳ್ಳುತ್ತಾನೆ. ಶಕಟದಾಸನು ಏನೂ ಅರಿಯದೆ ಪತ್ರ ಬರೆದನೆಂದು ತಿಳಿದಾಗ ರಾಕ್ಷಸನ ಎದೆಯ ಮುಳ್ಳು ಕಳೆಯುತ್ತದೆ. ಸಂಶಯಿಸಿದವನಿಗೆ ಸತ್ಯ ದೊರೆಯುತ್ತದೆ, ಸ್ನೇಹ ಉಳಿಯುತ್ತದೆ.

ಆದರೆ ಈ ಪಟ್ಟಿಯಲ್ಲಿ ಪರ್ವತಕನ ಹೆಸರಿಲ್ಲ. ವಿಷಕನ್ಯೆಯ ಮಾತಿಲ್ಲ. ಹೂಳಲ್ಪಟ್ಟ, ಆನೆಗಳಿಂದ ತುಳಿಸಲ್ಪಟ್ಟ ರಾಜರ ಉಲ್ಲೇಖವಿಲ್ಲ. ಬದುಕಿರುವವರಿಗೆ ಸಂಬಂಧಿಸಿದ ಕಪಟಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಸತ್ತವರಿಗೆ ಸಂಬಂಧಿಸಿದವು ಬಿಟ್ಟುಹೋಗುತ್ತವೆ. ಸಂಧಾನಕ್ಕೆ ಎಷ್ಟು ಸತ್ಯ ಬೇಕೋ ಅಷ್ಟೇ ಸತ್ಯ ಹೊರಬರುತ್ತದೆ. ಕೈಕಾಲು ಕಟ್ಟಿದ ಮಲಯಕೇತುವನ್ನು ಬಾಗಿಲಿಗೆ ತಂದಿದ್ದಾರೆಂಬ ಸುದ್ದಿಯಷ್ಟೇ ರಂಗಕ್ಕೆ ಬರುತ್ತದೆ, ಅವನು ಬರುವುದಿಲ್ಲ. ರಾಕ್ಷಸನು ಅವನ ಪ್ರಾಣಭಿಕ್ಷೆ ಬೇಡುತ್ತಾನೆ. ಹೊಸ ಅಮಾತ್ಯನ ಮೊದಲ ಕೋರಿಕೆಯೆಂದು ಅದನ್ನು ಮನ್ನಿಸಿ ಪಿತ್ರಾರ್ಜಿತ ರಾಜ್ಯವನ್ನು ಹಿಂದಿರುಗಿಸಲಾಗುತ್ತದೆ. ಉದಾರವಾದ ನಡೆಯಿದು. ಆದರೂ ಅವನಿಗೆ ದೊರೆತದ್ದು ರಾಜ್ಯ; ಅವನು ಕೇಳಿದ್ದು ತಂದೆಯನ್ನು ಕೊಂದವರು ಯಾರೆಂಬ ಉತ್ತರ. ಅದನ್ನು ಅವನಿಗೆ ತಿಳಿಸಬೇಕೆಂದು ಒಳಗಿರುವ ಯಾರಿಗೂ ಅನ್ನಿಸುವುದಿಲ್ಲ. ತಿಳಿಸಿದರೆ ಕಾಣುವುದು ಸಂಧಾನ ಮಾಡಿಕೊಂಡ ಇಬ್ಬರ ಕೈಗಳೇ.

ಅನಂತರ ಕುದುರೆ ಆನೆಗಳ ಹೊರತು ಉಳಿದೆಲ್ಲ ಬಂಧನಗಳನ್ನು ಬಿಡಿಸಲು ಹೇಳಿ ಚಾಣಕ್ಯನು ತನ್ನ ಜುಟ್ಟನ್ನು ಮಾತ್ರ ಕಟ್ಟಿಕೊಳ್ಳುತ್ತಾನೆ. ವೇಣೀಸಂಹಾರದ ರಕ್ತ ಇಲ್ಲಿ ಆ ಕೈಗೆ ಮೆತ್ತಿಲ್ಲ. ಕಣ್ಣಿಗೆ ಕಾಣುವಂತೆ ಮೆತ್ತಿಲ್ಲ ಎನ್ನುವುದು ಹೆಚ್ಚು ಸರಿ.

7

ಈ ವಸ್ತುವನ್ನು ಕನ್ನಡ ಗದ್ಯಕ್ಕೆ ತಂದ ಕೆಂಪುನಾರಾಯಣನ ಮುದ್ರಾಮಂಜೂಷ 1823ರ ಕೃತಿ. ಹೊಸಗನ್ನಡ ಗದ್ಯದ ಚರಿತ್ರೆಯಲ್ಲಿ ಅದರ ಸ್ಥಾನವನ್ನು ಕುರಿತು ಚರ್ಚೆ ನಡೆದಷ್ಟು ಅದರ ರಾಜಕೀಯ ವಸ್ತುವನ್ನು ಕುರಿತು ನಡೆದಿಲ್ಲ. ನಾಟಕಕ್ಕೆ ಪೂರ್ವವಾದ ನಂದರ ವೃತ್ತಾಂತವನ್ನೂ ಸೇರಿಸಿಕೊಂಡು ಕಥೆ ಹೇಳುವುದರಿಂದ ಅಪಮಾನ, ಪ್ರತಿಜ್ಞೆ, ಪ್ರತೀಕಾರಗಳು ಅಲ್ಲಿ ಕಾಲಕ್ರಮದಲ್ಲಿ ಬರುತ್ತವೆ. ನಾಟಕವು ಸೇಡು ತೀರಿದ ಮೇಲಿನಿಂದ ಆರಂಭಿಸುವ ತೀಕ್ಷ್ಣತೆ ಕಥನದ ವಿಸ್ತಾರಕ್ಕೆ ಎಡೆಗೊಡುತ್ತದೆ. ಹೆಸರಿನಲ್ಲಿಯೂ ಪಲ್ಲಟವಿದೆ. ಮೂಲದಲ್ಲಿ ಮುದ್ರೆಯೊಡನೆ ಕೂಡಿದ್ದದ್ದು ರಾಕ್ಷಸನೆಂಬ ವ್ಯಕ್ತಿಯ ಹೆಸರು. ಕನ್ನಡದಲ್ಲಿ ಅದು ಮಂಜೂಷ, ಪೆಟ್ಟಿಗೆ. ಒಳಗಿರುವುದನ್ನು ಮುಚ್ಚಿಡುವುದೇ ಪೆಟ್ಟಿಗೆಯ ಕೆಲಸ.

ಕೃತಿ ರಚಿತವಾದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಐದು ವರ್ಷದ ಬಾಲಕನನ್ನು ಸಿಂಹಾಸನದಲ್ಲಿ ಕೂರಿಸಲಾಯಿತು. ದಿವಾನನಾದವನು ಹೈದರ್ ಅಲಿ, ಟಿಪ್ಪು ಇಬ್ಬರ ಆಡಳಿತದಲ್ಲಿಯೂ ಹಣಕಾಸಿನ ಹೊಣೆ ಹೊತ್ತಿದ್ದ ಪೂರ್ಣಯ್ಯ. ಅಳಿದ ಅರಸೊತ್ತಿಗೆಯ ಮಂತ್ರಿ ಹೊಸ ಅರಸನ ಮಂತ್ರಿಯಾಗುವುದು 1823ರ ಮೈಸೂರಿನ ಓದುಗರಿಗೆ ಪುರಾಣದ ಸಂಗತಿಯಾಗಿರಲಿಲ್ಲ. ಅವರ ಜೀವಿತಕಾಲದಲ್ಲಿ ನಡೆದುಹೋದ ಇತಿಹಾಸವಾಗಿತ್ತು. ಕೃತಿಯನ್ನು ಆ ಇತಿಹಾಸದ ಸಂಕೇತಕಥೆಯೆಂದು ಬಗೆಯಬೇಕಾಗಿಲ್ಲ. ಪೂರ್ಣಯ್ಯನಿಗೂ ರಾಕ್ಷಸನಿಗೂ ಹೋಲಿಕೆಯಷ್ಟೇ ಭೇದಗಳೂ ಇವೆ. ಆದರೆ ನಿಷ್ಠೆ ವ್ಯಕ್ತಿಗೆ ಸಲ್ಲಬೇಕೋ ರಾಜ್ಯಕ್ಕೆ ಸಲ್ಲಬೇಕೋ ಎಂಬ ಪ್ರಶ್ನೆ ಅಂದಿನ ಓದುಗರಿಗೆ ಜೀವಂತವಾಗಿತ್ತೆಂಬುದು ಸ್ಪಷ್ಟ. ಮುದ್ರಾಮಂಜೂಷದ ಅಧ್ಯಯನ ಭಾಷೆ ಮತ್ತು ಶೈಲಿಗಳಾಚೆಗೆ ಈ ದಿಕ್ಕಿನಲ್ಲಿಯೂ ಸಾಗಬೇಕಾಗಿದೆ.

8

ಸೇಡು ತಲೆಮಾರಿನಿಂದ ತಲೆಮಾರಿಗೆ ಹರಿಯದಂತೆ ತಡೆಯುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಒಂದು. ಆ ಕರ್ತವ್ಯವನ್ನು ಯುದ್ಧವಿಲ್ಲದೆ ನೆರವೇರಿಸಿದ ಚಾಣಕ್ಯನ ಸಾಧನೆಯನ್ನು ವಿಶಾಖದತ್ತನು ಮನಃಪೂರ್ವಕವಾಗಿ ಗೌರವಿಸುತ್ತಾನೆ. ಶತ್ರುವಿನ ಗುಣವನ್ನು ಗುರುತಿಸಿ ಅದಕ್ಕೆ ಪಟ್ಟ ಕಟ್ಟುವ ಈ ನೀತಿ, ರಕ್ತದಲ್ಲಿ ಮುಗಿಯುವ ಸೇಡಿನ ಕಾವ್ಯಗಳಿಗಿಂತ ಹಿರಿದಾದ ರಾಜಕೀಯ ವಿವೇಕ. ಆದರೆ ಕವಿ ಆ ವಿವೇಕದ ಬೆಲೆಯನ್ನು ಅಳಿಸಿಹಾಕಿಲ್ಲ. ಭಾಗುರಾಯಣನ ಕೊರಗು, ತರ್ಪಣ ಬಿಡಲಾಗದ ಮಗನ ಮಾತು, ಚಾಣಕ್ಯನ ಪಟ್ಟಿಯಿಂದ ತಪ್ಪಿಹೋದ ಹೆಸರುಗಳು, ಬಾಗಿಲಲ್ಲಿ ನಿಂತ ಬಂದಿ ಇವೆಲ್ಲ ಪಠ್ಯದಲ್ಲಿಯೇ ಇವೆ. ಇರುವೆಯ ಸಾಲನ್ನು ಕಂಡು ಸುರಂಗವನ್ನು ಊಹಿಸಿದ ಚಾಣಕ್ಯನಂತೆಯೇ, ಈ ಸಣ್ಣ ಗುರುತುಗಳನ್ನು ಕಂಡು ನೆಲದಡಿಯಲ್ಲಿರುವುದನ್ನು ಊಹಿಸುವ ಓದುಗನನ್ನು ನಾಟಕ ಅಪೇಕ್ಷಿಸುತ್ತದೆ. ಅಂತಹ ಓದಿಗೆ ಮುದ್ರಾರಾಕ್ಷಸವು ಸಂಧಾನಕ್ಕೂ ನ್ಯಾಯಕ್ಕೂ ನಡುವೆ ಉಳಿಯುವ ಅಂತರವನ್ನು ಅಳೆದ ಕೃತಿಯಾಗಿ ಕಾಣುತ್ತದೆ. ರಾಕ್ಷಸ ಮತ್ತು ಚಾಣಕ್ಯರ ಸೇಡು ಏಳನೆಯ ಅಂಕದಲ್ಲಿ ತೀರಿತು. ಮಲಯಕೇತು ತನ್ನ ರಾಜ್ಯಕ್ಕೆ ಮರಳಿ ತಂದೆಗೆ ತರ್ಪಣ ಬಿಟ್ಟನೆ, ಯಾರನ್ನು ಕೊಲೆಗಾರನೆಂದು ನೆನೆದು ಬಿಟ್ಟನು ಎಂಬುದಕ್ಕೆ ಎಂಟನೆಯ ಅಂಕವಿಲ್ಲ.